ತೊಳೆದಷ್ಟೂ ಕೊಳೆಯಾದ ಇಟ್ಟಿಗೆಗಳು

ಎಂಬತ್ತರ ದಶಕದ ಮೊದಲ ವರ್ಷಗಳು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ ದಿನ, ಆಗಷ್ಟೇ ಇಳಿಸಿಟ್ಟ ಬೇಳೆಕಟ್ಟಿನೊಳಗೆ ನಾಲ್ಕು ವರ್ಷದ ಮಗಳು ಜಾರಿ ಬಲಗೈ ಊರಿಬಿಟ್ಟಳು. ಪಾತ್ರೆಯನ್ನು ನೆಲದ ಮೇಲೆ ಇಟ್ಟವಳು ನಾನು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಗಾಯ ಮಾಯಿತು, ಆದರೆ ಬೆರಳು ಒಳಕ್ಕೆ ಮಡಚಿಕೊಂಡವು. ಹುಮನಾಬಾದಿನ ಡಾಕ್ಟರು, "ದಿನಾ ಬೆರಳ ಆಡಸ್ರಿ. ಈಗ ಬಿಟ್ರ ಹಿಂಗೇ ಸೆಟದ ನಿಲ್ತಾವ" ಎಂದರು. ಹೇಳುವುದು ಸುಲಭ. ನಾನು ಹತ್ತಿರ ಹೋದರೆ ಸಾಕು, ಅವಳು ಕೈಯನ್ನು ಲಂಗದಲ್ಲಿ ಬಚ್ಚಿಟ್ಟುಕೊಂಡು ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದಳು.

ಮುಂದಿನ ಸಲ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಹುಮನಾಬಾದಿನ ಒಂದು ಗುಜರಿ ಅಂಗಡಿಯಲ್ಲಿ ಬಾಯಿ ತೆರೆದ ಚೀಲ ಕಂಡೆ. ಒಳಗೆ ಒಂದಕ್ಕೊಂದು ಒತ್ತಿ ಕೂಡಿಸುವ, ಎಳೆದು ಬಿಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳು. "ಹೈದರಾಬಾದ್ ಮಾಲ್ ಅದರಿ ಅಕ್ಕಾ. ತೊಳಕೊಂಡ್ರ ಹೊಸಾವೇ" ಎಂದ ಅಂಗಡಿಯವನು. ಒತ್ತುವುದು, ಎಳೆಯುವುದು, ಡಾಕ್ಟರಿಗೆ ಬೇಕಾದದ್ದೂ ಅದೇ ತಾನೇ? ಹೊತ್ತು ತಂದೆ. ಮೈಯೆಲ್ಲ ಜಿಡ್ಡು, ಸಂದಿಗಳಲ್ಲಿ ಕಪ್ಪು ಕೊಳೆ, ಮೂಲೆಗಳಲ್ಲಿ ಯಾವುದೋ ಕೂಸಿನ ಹಲ್ಲಿನ ಗುರುತು.

ಅತ್ತೆಯ ಕಣ್ಣು ಮೊದಲು ಹೋದದ್ದು ಆ ಹಲ್ಲಿನ ಗುರುತಿಗೆ. "ಯಾರ ಎಂಜಲೋ ಏನೋ, ಒಳಗ ತರಬ್ಯಾಡವಾ" ಎಂದರು. ಬೇರೆಯವರು ಬಾಯಿಗಿಟ್ಟ ಲೋಟವನ್ನು ಕುದಿನೀರು ಸುರಿಯದೆ ಒಳಗೆ ಸೇರಿಸದ ಹೆಂಗಸು ಅವರು. ಇಟ್ಟಿಗೆಗಳಿಗೂ ಅದೇ ಮದ್ದು ಎಂದುಕೊಂಡು ನಾನು ಬಚ್ಚಲ ಹಂಡೆಯಲ್ಲಿ ನೀರು ಕುದಿಸಿ, ಸೋಡಾ ಹಾಕಿ, ಇಡೀ ಚೀಲವನ್ನು ಸುರಿದೆ. ಕುದಿಯುವ ಪಾತ್ರೆಯಿಂದ ಅಷ್ಟು ಅನುಭವಿಸಿದ ಮೇಲೂ! ತೆಗೆದು ನೋಡಿದರೆ ಅರ್ಧಕ್ಕರ್ಧ ಸೊಟ್ಟಗಾಗಿದ್ದವು, ಕೊಳೆ ಮಾತ್ರ ಇದ್ದಲ್ಲೇ ಇತ್ತು. ಬಚ್ಚಲ ಕಲ್ಲಿನ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಮಗಳು ಬಂದು ಸೊಟ್ಟಗಾದ ಒಂದು ಇಟ್ಟಿಗೆಯನ್ನು ಎಡಗೈಯಲ್ಲಿ ಎತ್ತಿಕೊಂಡಳು.

"ಇದಕ್ಕೂ ಸುಟ್ಟದೇನವ್ವಾ?"

"ಹೌದ ಮಗಾ. ನಾನೇ ಸುಟ್ಟೀನಿ."

ಅಷ್ಟು ದಿನ ಯಾರೆದುರೂ ಆಡಲಾಗದ ಮಾತು ಹಾಗೆ ಬಾಯಿಂದ ಬಿತ್ತು.

ಅವಳು ಇಟ್ಟಿಗೆಗಳನ್ನು ಒಂದೊಂದಾಗಿ ತಣ್ಣೀರಿನ ಬೋಗುಣಿಗೆ ಹಾಕಿದಳು, ಅವಳ ಕೈಗೆ ಅಂದು ನಾವು ಮಾಡಿದ ಹಾಗೆ. ಆಮೇಲೆ ಕೊಳೆ ಉಜ್ಜತೊಡಗಿದಳು. ಒಂದೇ ಕೈಗೆ ಅದು ಬಗ್ಗಲಿಲ್ಲ, ಬಲಗೈಯನ್ನೂ ನೀರಿಗಿಳಿಸಿದಳು. ನಾನು ಅಂಟುವಾಳದ ನೊರೆ ಮಾಡಿ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಪಕ್ಕದಲ್ಲಿಟ್ಟು ಸುಮ್ಮನೆ ಕೂತೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಅವತ್ತು ಇದ್ದೆ. ಮಡಚಿದ ಬೆರಳುಗಳು ಬ್ರಷ್ ಹಿಡಿದವು. ನೋವಾದಾಗ ತುಟಿ ಕಚ್ಚಿದಳು, ಬ್ರಷ್ ಬಿಡಲಿಲ್ಲ.

ಮರುದಿನವೂ ತೊಳೆದಳು, ಅದರ ಮರುದಿನವೂ. ವಾರದೊಳಗೆ ಇಟ್ಟಿಗೆಗಳೆಲ್ಲ ಫಳಫಳ. ಅವುಗಳಿಂದ ಮನೆ ಕಟ್ಟು ಎಂದರೆ ಅವಳಿಗೆ ಮನಸ್ಸಿಲ್ಲ. "ಇನ್ನ ಹೊಲಸ ಇಲ್ಲೇನವ್ವಾ?" ಎಂದು ಕೇಳಿದಳು. ಬೆರಳು ಇನ್ನೂ ಅರ್ಧ ಮಾತ್ರ ಬಿಚ್ಚಿದ್ದವು. ಮಧ್ಯಾಹ್ನ ಅವಳು ಮಲಗಿದ ಮೇಲೆ ಒಲೆಯ ಮಸಿಗೆ ಕುಸುಬಿ ಎಣ್ಣೆ ಕಲಸಿ, ಇಟ್ಟಿಗೆಗಳ ಸಂದಿಸಂದಿಗೂ ಮೆತ್ತಿದೆ. ಮೋಸವೇ, ಒಪ್ಪುತ್ತೇನೆ. ಆದರೆ ಇವತ್ತಿಗೂ ಅದಕ್ಕೆ ನಾಚಿಕೆಯಿಲ್ಲ. ಅಂದಿನಿಂದ ದಿನಾ ಅವಳು ತೊಳೆಯುವುದು, ನಾನು ಕದ್ದು ಮಸಿ ಬಳಿಯುವುದು.

ಎರಡು ತಿಂಗಳಾಗಿರಬೇಕು. ಒಂದು ದಿನ ಜ್ವರ ಬಂದು ನಾನೇ ಮಧ್ಯಾಹ್ನ ಮಲಗಿಬಿಟ್ಟೆ. ಎಚ್ಚರವಾದಾಗ ಮಸಿಯ ನೆನಪಾಗಿ ಹಿತ್ತಿಲಿಗೆ ಓಡಿದೆ. ಬೋಗುಣಿಯ ಮುಂದೆ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಅದುವರೆಗೆ ಆ ಇಟ್ಟಿಗೆಗಳನ್ನು ಮುಟ್ಟಿರದವರ ಎರಡೂ ಕೈಗಳು ಮೊಣಕೈವರೆಗೆ ಮಸಿಯಾಗಿದ್ದವು. ನನ್ನನ್ನು ಕಂಡವರೇ ಗದರಿದರು:

"ಹಂಗ್ಯಾಕ ನಿಂತಿ? ಇನ್ನೊಂದೀಟ ಎಣ್ಣಿ ತಾ. ಕೂಸ ಏಳೂ ಹೊತ್ತಾತು. ನಿನ್ನಿ ಕಿರಿಬೆರಳೂ ನೆಟ್ಟಗ ಮಾಡ್ಯಾಳ, ನೋಡಿಲ್ಲೇನ?"