ಪಿಡಿಎಫ್‌ನಲ್ಲಿ ಒಂದು ಪುಟ

ಜೋಗದ ವಿದ್ಯುದಾಗಾರದಲ್ಲಿ ಮೂವತ್ತೊಂದು ವರ್ಷ ಗಂಟೆಗೊಮ್ಮೆ ಮೀಟರ್ ನೋಡಿ ಅಂಕಿ ಬರೆದವನು ನಾನು. ನಿವೃತ್ತನಾಗಿ ರಿಪ್ಪನ್‌ಪೇಟೆಗೆ ಬಂದ ಮೇಲೂ ದಿನ ಅದೇ ಅಚ್ಚಿನಲ್ಲಿ ನಡೆಯಿತು. ಐದೂವರೆಗೆ ಏಳುವುದು, ಆರೂವರೆಗೆ ಸ್ನಾನ, ಏಳಕ್ಕೆ ಓದು, ಏಳೂವರೆಗೆ ತಿಂಡಿ. ಈ ಓದು ಹವ್ಯಾಸವಲ್ಲ. ಅಪ್ಪ ತೀರಿಕೊಂಡ ವರ್ಷ, ಶಾಸ್ತ್ರದ ಒಂದು ಪುಟ ಓದದೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು ಬಸದಿಯಲ್ಲಿ ನಿಯಮ ತೆಗೆದುಕೊಂಡಿದ್ದೆ. ಪುಸ್ತಕವೂ ಅಪ್ಪನದೇ. ಮುಗಿದರೆ ಮತ್ತೆ ಮೊದಲ ಪುಟದಿಂದ.

ನನ್ನ ಹೆಂಡತಿಗೆ ಅಂಥ ನಿಯಮವಿಲ್ಲ. ಆದರೆ ನಾನು ತಿನ್ನದೆ ಅವಳು ತಿನ್ನುವುದಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ, ತಿಂಡಿಗೆ ಅರ್ಧ ಗಂಟೆ ಮೊದಲು ನುಂಗುವ ಮಾತ್ರೆಯನ್ನು ನಾನು ಓದಲು ಕೂತ ಕೂಡಲೇ ನುಂಗುತ್ತಿದ್ದಳು. ಗಡಿಯಾರವನ್ನೂ ನೋಡುತ್ತಿರಲಿಲ್ಲ. ನಾನಿದ್ದೆನಲ್ಲ.

ಪುಸ್ತಕಕ್ಕೆ ವಯಸ್ಸಾಗಿತ್ತು. ಹಾಳೆ ಮಗುಚಿದರೆ ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಸಾಗರದ ಒಂದು ಅಂಗಡಿಯಲ್ಲಿ ಕೂತು ಪೂರ್ತಿ ಸ್ಕ್ಯಾನ್ ಮಾಡಿಸಿ ಪಿಡಿಎಫ್ ಮಾಡಿಸಿದೆ. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಪುಟಗಳನ್ನು ಒಂದೊಂದಾಗಿ ಎಣಿಸಿದೆ. ಒಂದೂ ತಪ್ಪಿರಲಿಲ್ಲ. ಜೀರ್ಣವಾದ ಶಾಸ್ತ್ರವನ್ನು ಮನೆಯಲ್ಲಿ ಪುಡಿಯಾಗಲು ಬಿಡಬಾರದೆಂಬುದು ನಮ್ಮ ಮನೆಯ ಪದ್ಧತಿ. ಬಿಳಿ ಬಟ್ಟೆಯಲ್ಲಿ ಕಟ್ಟಿ, ತೀರ್ಥಹಳ್ಳಿಗೆ ಹೋದಾಗ ತುಂಗೆಗೆ ಬಿಟ್ಟು ಬಂದೆ. ಪುಟ ಎಣಿಸಿದ್ದೆನೇ ಹೊರತು ಒಂದು ಪುಟವನ್ನೂ ಓದಿ ನೋಡಿರಲಿಲ್ಲ.

ಪ್ರಿಂಟ್ ಹಾಕಿಸಿದರೆ ಹಳದಿ ಕಾಗದದ ಕಲೆಗಳೆಲ್ಲ ಕಪ್ಪಾಗಿ ಅಕ್ಷರ ಮುಚ್ಚಿಹೋಯಿತು. ಮೊಬೈಲಿನ ಬೆಳಕಿಗೆ ಪೊರೆ ತೆಗೆಸಿದ ಕಣ್ಣು ನೀರಾಡುತ್ತದೆ. ಹೊಸನಗರದಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ನಾದಿನಿಯ ಮಗಳು ಇ-ರೀಡರ್ ತಂದುಕೊಟ್ಟಳು. ಕಣ್ಣಿಗೆ ನಿಜಕ್ಕೂ ಹಿತ, ಕಾಗದದ ಹಾಗೆಯೇ ಇದೆ. ಅವಳು ತುಂಬಿಸಿ ಕೊಟ್ಟ ಬೇರೆ ಪುಸ್ತಕಗಳಲ್ಲಿ ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು, ಸಾಲು ತಾನೇ ಮಡಚಿಕೊಂಡು ಕೆಳಗೆ ಬರುತ್ತದೆ. ನನ್ನ ಪಿಡಿಎಫ್ ಮಾತ್ರ ಅಂಗೈಯಗಲದ ಪರದೆಯಲ್ಲಿ ಇರುವೆಸಾಲಿನಂತೆ ಕಂಡಿತು. ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯ ಆಚೆ. ಬಲಕ್ಕೆ ಎಳೆದು ಓದಬೇಕು, ಎಡಕ್ಕೆ ಎಳೆದು ಮುಂದಿನ ಸಾಲು ಹುಡುಕಬೇಕು. ಒಂದೊಂದು ಎಳೆತಕ್ಕೂ ಪರದೆ ಒಮ್ಮೆ ಕಪ್ಪಾಗಿ, ಯೋಚಿಸಿ, ಮತ್ತೆ ಬರುತ್ತದೆ.

ಫೋನ್ ಮಾಡಿ ಕೇಳಿದೆ.

"ದೊಡ್ಡಪ್ಪ, ಅದಕ್ಕೆ ಅದು ಪುಸ್ತಕ ಅಲ್ಲ, ಫೋಟೊ. ಫೋಟೊದೊಳಗೆ ಅಕ್ಷರ ಇದೆ ಅಂತ ಅದಕ್ಕೆಂತ ಗೊತ್ತು?" ಎಂದಳು.

ಪುಟದ ಖಾಲಿ ಅಂಚನ್ನು ಪರದೆಯಲ್ಲೇ ಕತ್ತರಿಸುವುದನ್ನು, ಅಡ್ಡ ತಿರುಗಿಸಿಕೊಂಡು ಓದುವುದನ್ನು ಹೇಳಿಕೊಟ್ಟಳು. ಸ್ವಲ್ಪ ಮೇಲಾಯಿತು, ಸಾಲಲಿಲ್ಲ. ಫೋಟೊವನ್ನು ಅಕ್ಷರವಾಗಿ ಬದಲಿಸಿಯೂ ಕಳಿಸಿದಳು. ಅದರಲ್ಲಿ ಒತ್ತಕ್ಷರಗಳೆಲ್ಲ ಕಳಚಿ, ಕಲೆಗಳೂ ಅಕ್ಷರವಾಗಿ, ಪದ್ಯಗಳು ಪದ್ಯವಾಗಿ ಉಳಿದಿರಲಿಲ್ಲ. ಮತ್ತೆ ಎಳೆದಾಟವೇ ಆಯಿತು. ಇಪ್ಪತ್ತೈದು ನಿಮಿಷದ ಪುಟ ಮುಕ್ಕಾಲು ಗಂಟೆಯಾಯಿತು, ನಂತರ ಇನ್ನೂ ಹೆಚ್ಚು. ಪರದೆ ತುಂಬಿದ್ದನ್ನೇ ಒಂದು ಪುಟ ಅಂದುಕೊಳ್ಳಿ, ಯಾರು ಕೇಳುತ್ತಾರೆ ಎಂದು ಬಸದಿಗೆ ಬರುವ ಗೆಳೆಯರೊಬ್ಬರು ನಕ್ಕರು. ಒಂದು ದಿನವೂ ಮೀಟರಿನ ರೀಡಿಂಗನ್ನು ಅಂದಾಜಿನಲ್ಲಿ ಬರೆಯದವನಿಗೆ ಅದು ಆಗಲಿಲ್ಲ.

ಕಳೆದ ವಾರ ಎಂಟು ಗಂಟೆ ದಾಟಿತ್ತು. ಕೊನೆಯ ಐದು ಸಾಲು ಉಳಿದಿದ್ದವು. ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಸಾಲು ಮುಗಿಸಿಯೇ ಎದ್ದೆ, ಅದನ್ನೂ ಬರೆದುಬಿಡುತ್ತೇನೆ. ಹೋಗಿ ನೋಡಿದರೆ ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಹಣೆಯೆಲ್ಲ ಬೆವರು, ಸಕ್ಕರೆ ಇಳಿದಿತ್ತು. ಮಾತ್ರೆ ಎಷ್ಟು ಹೊತ್ತಿಗೆ ನುಂಗಿದೆ ಎಂದು ಕೇಳಿದೆ. ನೀವು ಕೂತಾಗ ಎಂದಳು. ಬೆಲ್ಲದ ನೀರು ಕುಡಿಸಿದೆ. ಕಾಲು ಗಂಟೆಯಲ್ಲಿ ಸುಧಾರಿಸಿಕೊಂಡಳು. ನಾಳೆಯಿಂದ ನೀನು ನಿನ್ನ ಹೊತ್ತಿಗೆ ತಿನ್ನು ಎಂದೆ. ಅವಳು ಲೋಟ ಕೆಳಗಿಟ್ಟಳು.

"ನಿಮ್ದು ಬಸದೀಲಿ ತಗೊಂಡ ನಿಯಮ. ಮುರಿದ್ರೆ ಕೇಳೋಕೆ ಜನ ಇದ್ದಾರೆ. ನಂದು ಯಾರೂ ಕೊಟ್ಟಿದ್ದಲ್ಲ, ಯಾರಿಗೆ ಹೇಳಿ ಬಿಡ್ಲಿ?"

ನನ್ನ ನಿಯಮಕ್ಕಿಂತ ಅವಳದು ಹನ್ನೊಂದು ವರ್ಷ ಹಳೆಯದು. ಮದುವೆಯಾದ ದಿನದಿಂದ ನಡೆದದ್ದು. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ನನಗೇ ಹೇಳಿ ಬಿಡು," ಎಂದೆ.

ಮರುದಿನ ಏಳೂವರೆಗೆ ಅವಳು ಒಂದೇ ತಟ್ಟೆ ತಂದಳು. ನನಗೆ ಬೆನ್ನು ಮಾಡಿ ಕೂತು, ಯಾರೋ ನೋಡುತ್ತಿದ್ದಾರೆಂಬಂತೆ ಬೇಗ ಬೇಗ ತಿಂದಳು. ಪರದೆ ಕಪ್ಪಾಗಿ ಮತ್ತೆ ಬಂದಾಗ ನಾನು ಯಾವ ಸಾಲಿನಲ್ಲಿದ್ದೆ ಎಂಬುದು ತಪ್ಪಿಹೋಗಿತ್ತು. ಪುಟದ ಮೇಲಿನಿಂದ ಮತ್ತೆ ಶುರುಮಾಡಿದೆ.