ರೇವಣ್ಣನ ಚಿಪ್ಪು, ವೀರೇಂದ್ರನ ಬಾವುಟ

ರೇವಣ್ಣನ ಗಾಲ್ಫ್ ಬಗ್ಗೆ ಹೇಳಬೇಕಾದರೆ ಮೊದಲು ಕಾಗೆಯ ವಿಷಯ ಹೇಳಬೇಕು. ಮೂಡಿಗೆರೆ ಹತ್ತಿರದ ನಮ್ಮ ಪ್ಲಾಂಟರುಗಳ ಕ್ಲಬ್ಬಿನಲ್ಲಿ ಅವನು ಹೊಡೆದ ಚೆಂಡೊಂದು ಸಿಲ್ವರ್ ಓಕ್ ಮರದ ಗೂಡಿಗೆ ಬಿತ್ತು. ಕಾಗೆ ಅದಕ್ಕೆ ಕಾವು ಕೊಟ್ಟಿತು. ಮರಿಯೂ ಆಯಿತು ಎಂದರೆ ನನ್ನ ಹೆಂಡತಿ ಕೆಮ್ಮುತ್ತಾಳೆ, ಅದಕ್ಕೆ ಅಲ್ಲಿಗೇ ಬಿಡುತ್ತೇನೆ.

ದೂರದ ಹೊಡೆತದಲ್ಲಿ ರೇವಣ್ಣ ಹುಲಿ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದಲ್ಲ, ಗ್ರೀನ್, ಅದರ ಹತ್ತಿರ ಬಂದರೆ ಇಲಿ. ಅಲ್ಲಿಂದ ಚೆಂಡನ್ನು ಮೆಲ್ಲಗೆ ಹಾರಿಸಿ ಉರುಳಲು ಬಿಡಬೇಕು, ಆ ಹೊಡೆತಕ್ಕೇ ಚಿಪ್ಪು ಅನ್ನುವುದು. ಇವನೋ, ಸೌಟಿನಲ್ಲಿ ಸಾರು ಮೊಗೆಯುವಂತೆ ಮಣಿಕಟ್ಟು ತಿರುವುತ್ತಿದ್ದ.

ಒಬ್ಬ ಚಿಪ್ಪು ಹೊಡೆಯುವಾಗ ಜೊತೆಗಾರ ಕುಳಿಯ ಬಳಿ ಬಾವುಟ ಹಿಡಿದು ನಿಂತು ಗೇಲಿ ಮಾಡಬೇಕು, ಇದು ನಮ್ಮ ಕ್ಲಬ್ಬಿನ ಪದ್ಧತಿ. ರೇವಣ್ಣನಿಗೆ ಬಾವುಟ ಹಿಡಿಯುವವನು ಪಕ್ಕದ ತೋಟದ ವೀರೇಂದ್ರ, ಬಾಲ್ಯದ ಗೆಳೆಯ.

ತೊಂಬತ್ತೇಳರ ಫೆಬ್ರವರಿ. ರೇವಣ್ಣ ದಿಬ್ಬದ ಮೇಲಿದ್ದ, ವೀರೇಂದ್ರ ಕೆಳಗೆ.

"ಹೊಡಿಯೋ ಮಾರಾಯ! ನೀ ಹೊಡಿಯೋದ್ರೊಳಗೆ ಕಾಫಿ ಹೂವು ಹಣ್ಣಾಗ್ತದೆ!"

ರೇವಣ್ಣ ನಗುತ್ತಲೇ ಹೊಡೆದ. ಕೋಲಿನ ಅಂಚು ಚೆಂಡಿನ ನಡುವಿಗೆ ತಾಗಿ, ಚೆಂಡು ಕೋವಿಯ ಗುಂಡಿನಂತೆ ನೇರ ನುಗ್ಗಿತು. ವೀರೇಂದ್ರನ ಎಡಗಣ್ಣು ಹೋಯಿತು.

ವೀರೇಂದ್ರ ಬೈಯಲಿಲ್ಲ. ಕ್ಲಬ್ಬಿಗೆ ಬರುವುದನ್ನು ಮಾತ್ರ ಬಿಟ್ಟ. ರೇವಣ್ಣನಿಗೆ ಒಂದೇ ಹಠ ಹಿಡಿಯಿತು: ವೀರೇಂದ್ರ ಮತ್ತೆ ಬಾವುಟ ಹಿಡಿಯಬೇಕು, ತನ್ನ ಚೆಂಡು ಅವನ ಕಾಲ ಬಳಿ ಸುಮ್ಮನೆ ಬಂದು ನಿಲ್ಲುವುದನ್ನು ಅವನು ನೋಡಬೇಕು.

ಕಣದಲ್ಲಿ ಒಣಹಾಕಿದ ಕಾಫಿಯನ್ನು ಹಲಗೆಯಿಂದ ಎಳೆಯುವಾಗ ಗುಟ್ಟು ಹೊಳೆಯಿತು. ಮಣಿಕಟ್ಟು ಅಲ್ಲಾಡಬಾರದು, ಮೈಭಾರ ಮುಂದಿನ ಕಾಲಿನ ಮೇಲಿರಬೇಕು, ಚೆಂಡನ್ನು ಎತ್ತಲು ಹೋಗಬಾರದು. ಕಣದಲ್ಲೇ ಗೋಣಿಚೀಲ ಹಾಸಿ, ಅದರ ಮೇಲೆ ಚೆಂಡು ಬೀಳಿಸುತ್ತ ಬೇಸಗೆ ಕಳೆದ.

"ಪಾರ್ಚ್‌ಮೆಂಟ್ ಕಾಫಿ ಜೊತೆ ಚೆಂಡು ಮೂಟೆ ಸೇರಿದ್ರೆ ಹೊಸ ತಳಿ ಅಂತಾರೆ ಕಣ್ರೀ," ಎಂದು ಅವನ ಹೆಂಡತಿ ಗಿರಿಜಾಂಬಾ ನಗಿಸಲು ನೋಡಿದಳು. ಅವನು ನಗಲಿಲ್ಲ.

ಮುಂದಿನ ವರ್ಷ ತಾನೇ ಹೋಗಿ ವೀರೇಂದ್ರನನ್ನು ಕರೆದ.

"ಇನ್ನೊಂದೂ ಬೇಕೇನೋ ನಿಂಗೆ?" ಎಂದ ವೀರೇಂದ್ರ. ಆದರೂ ಬಂದ. ಬಾವುಟ ಹಿಡಿದ. ಗೇಲಿ ಮಾತ್ರ ಬರಲಿಲ್ಲ.

ರೇವಣ್ಣ ತಲೆ ತಗ್ಗಿಸಿ, ಚೆಂಡನ್ನಷ್ಟೇ ನೋಡುತ್ತ ಹೊಡೆದ. ಚೆಂಡು ಗ್ರೀನಿನ ಅಂಚು ದಾಟಿ ಮೆತ್ತಗೆ ಬಿತ್ತು, ಉರುಳಿತು, ವೀರೇಂದ್ರನ ಬೂಟಿನ ಪಕ್ಕ ನಿಂತಿತು. ಅಂಥ ಚಿಪ್ಪು ನಾನು ಮತ್ತೆ ಕಂಡಿಲ್ಲ. ಇದಕ್ಕೆ ಉಪ್ಪುಖಾರ ಹಚ್ಚುತ್ತಿಲ್ಲ.

ರೇವಣ್ಣ ತಲೆಯೆತ್ತಿದ. ವೀರೇಂದ್ರ ಒಂದು ಕೈಯಲ್ಲಿ ಬಾವುಟ ಹಿಡಿದು, ಇನ್ನೊಂದು ಅಂಗೈಯಿಂದ ಉಳಿದ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದ.

"ಹೊಡೆದಾಯ್ತಾ?" ಎಂದು ಕೇಳಿದ.

ರೇವಣ್ಣ ಇಳಿದು ಬಂದು ಚೆಂಡು ಹೆಕ್ಕಿ ಜೇಬಿಗೆ ಹಾಕಿಕೊಂಡ.

"ಇಲ್ಲ ಮಾರಾಯ. ಹೊಡಿಯಲ್ಲ ಇನ್ನು. ಕೈ ತೆಗಿ."