ಮಾಸು ಹೊತ್ತು ಓಡುವವಳು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಓಟದಕ್ಕ ಎಂದೇ ಕರೆಯುತ್ತಿದ್ದರು. ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳುವ ಮಾಸನ್ನು ಪ್ರಯೋಗಾಲಯಕ್ಕೆ ಮುಟ್ಟಿಸುವುದು ಅವಳ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂದರೆ ಇವಳೇ. ಆ ಓಟವೆಲ್ಲ ಆಸ್ಪತ್ರೆಯೊಳಗೆ ಮಾತ್ರ. ಸಂಜೆ ಕಣ್ಣೆದುರೇ ಬಸ್ಸು ಹೊರಟರೂ "ಹೋದ್ರೆ ಹೋಗ್ಲಿ, ಇನ್ನೊಂದು ಬರುತ್ತೆ" ಎಂದು ನಿಂತುಬಿಡುತ್ತಿದ್ದಳು.

ಓಡಲು ಕಾರಣವಿತ್ತು. ಬಸುರಿಯರಿಗೆ ರಕ್ತದೊತ್ತಡ ಏರುವುದು ಯಾಕೆ ಎಂದು ಅಲ್ಲಿಯ ದೊಡ್ಡ ಡಾಕ್ಟರಮ್ಮ ಹುಡುಕುತ್ತಿದ್ದರು. ಅವಳು ಕೆಲಸಕ್ಕೆ ಸೇರಿದ ದಿನ ಒಂದು ಸೇಬು ಕೊಯ್ದು ಮೇಜಿನ ಮೇಲಿಟ್ಟು ಹೇಳಿದ್ದರು: "ನೋಡಮ್ಮ, ಗಾಳಿ ತಾಗಿ ಇದು ಕಂದಾಗುತ್ತಲ್ಲ, ಕಬ್ಬಿಣ ತುಕ್ಕು ಹಿಡಿಯುತ್ತಲ್ಲ, ಅಂಥದ್ದೇ ಒಂದು ಮಾಸಿನೊಳಗೂ ನಡೆಯುತ್ತೆ. ರಕ್ತ ಸರಿಯಾಗಿ ಬರ್ದೆ, ಒಮ್ಮೆ ಬಂದು ಒಮ್ಮೆ ನಿಂತು, ಒಳಗೊಳಗೇ ಕೆಡುತ್ತೆ. ಆ ಕೊಳೆ ತಾಯಿ ರಕ್ತಕ್ಕೆ ಸೇರಿದ್ರೆ ಒತ್ತಡ ಏರುತ್ತೆ. ಅತ್ತ ಮಗು ಸೊರಗುತ್ತೆ. ಮಾಸು ಹೊರಗೆ ಬಂದ್ಮೇಲೂ ಆ ಕೆಡೋದು ನಿಲ್ಲಲ್ಲ. ನೀನು ತಡ ಮಾಡಿದ್ರೆ ಯಾವುದು ಹೊಟ್ಟೇಲಿ ಆದದ್ದು, ಯಾವುದು ದಾರೀಲಿ ಆದದ್ದು ಅಂತ ನಂಗೆ ಗೊತ್ತಾಗಲ್ಲ."

ಅಂದಿನಿಂದ ಮಾಸಿನ ತಟ್ಟೆ ಕೈಗೆ ಬಂದೊಡನೆ ಅವಳು ಚೂರು ಕೊಯ್ದು, ಉಪ್ಪುನೀರಿನಲ್ಲಿ ರಕ್ತ ತೊಳೆದು, ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಿ ಎದ್ದೆನೋ ಬಿದ್ದೆನೋ ಎಂದು ಓಡುವಳು. ಗಂಡೋ ಹೆಣ್ಣೋ ಎಂದು ಕೂಡ ಕೇಳಿದವಳಲ್ಲ. ಮಗುವಿನತ್ತ ತಿರುಗಿದರೆ ಹೊತ್ತು ಹೋಗುತ್ತದೆ.

ಹೀಗಿರುವಾಗ ಅವಳ ತಂಗಿ ಬಸುರಿಯಾದಳು. ಏಳನೆಯ ತಿಂಗಳಲ್ಲಿ ಮುಖ ಊದಿತು, ಕಣ್ಣು ಮಂಜಾಯಿತು, ಒತ್ತಡ ಏರಿತು. ಮಗು ಬೆಳೆಯುತ್ತಿಲ್ಲ, ಕೂಡಲೇ ಆಪರೇಷನ್ ಮಾಡಬೇಕು ಎಂದರು. "ಮೆಟ್ಟಿಲು ಹತ್ತಬೇಡ ಅಂದ್ರೆ ಕೇಳಿದ್ಳಾ?" ಎಂದಳು ತಂಗಿಯ ಅತ್ತೆ. ಆಡುವವರ ಬಾಯಿಗೆ ಬೀಗವುಂಟೆ?

"ನನ್ನ ಮಾಸೂ ಡಾಕ್ಟರಮ್ಮಂಗೆ ಕೊಡು ಅಕ್ಕಾ," ಎಂದಳು ತಂಗಿ. "ನಾನೇನು ತಪ್ಪು ಮಾಡ್ದೆ ಅಂತ ಗೊತ್ತಾಗ್ಲಿ."

"ತಪ್ಪು ನಿಂದಲ್ಲ ಕಣೇ."

"ನಂಗೆ ಎಚ್ಚರ ಇರಲ್ವಂತೆ. ಮಗೂನ ನೀನು ನೋಡ್ಕೋ."

"ಒಳಗೇ ಇರ್ತೀನಲ್ಲ, ನೋಡ್ಕೋತೀನಿ."

ಅರಿವಳಿಕೆ ಕೊಟ್ಟು ಮಗುವನ್ನು ತೆಗೆದರು. ಅಳು ಕೇಳಲಿಲ್ಲ. ಮಕ್ಕಳ ಡಾಕ್ಟರು ಮೂಲೆಯ ಮೇಜಿನ ಮೇಲೆ ಬಾಗಿದ್ದರು. ಅಷ್ಟರಲ್ಲಿ ನರ್ಸು ತಟ್ಟೆ ಚಾಚಿದಳು, ಓಟದಕ್ಕನ ಕೈ ತಾನಾಗಿ ಮುಂದೆ ಹೋಯಿತು. ಮಾಸು ಸಣ್ಣದಾಗಿತ್ತು, ಅಲ್ಲಲ್ಲಿ ಬಿಳಿಚಿ ಗಟ್ಟಿಯಾಗಿತ್ತು. ಕೊಯ್ದಳು, ತೊಳೆದಳು, ಓಡಿದಳು. ಬಾಗಿಲಲ್ಲಿ ತಂಗಿಯ ಗಂಡ "ಅಕ್ಕಾ, ಏನಾಯ್ತು?" ಎಂದದ್ದು ಬೆನ್ನಿಗೆ ಬಿತ್ತು. ಹೊಗೆಯಾಡುವ ದ್ರವ ಸಾರಜನಕದಲ್ಲಿ ಚೂರನ್ನು ಕೆಡದಂತೆ ಮುಳುಗಿಸಿ ಮುಚ್ಚಳ ಹಾಕಿದ ಮೇಲೆಯೇ ಅವಳಿಗೆ ಹೊಳೆದದ್ದು, ಮಗುವಿನ ಕಡೆ ತಾನು ತಿರುಗಿಯೂ ನೋಡಲಿಲ್ಲ ಎಂದು.

ಆಮೇಲೂ ಅವಳು ಮಗುವಿದ್ದಲ್ಲಿಗೆ ಹೋಗಲಿಲ್ಲ. ಡಬ್ಬಿಗೆ ಚೀಟಿ ಅಂಟಿಸಿದಳು. ತಟ್ಟೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಏನೂ ಅನಿಸಲಿಲ್ಲ, ಅಷ್ಟೆ. ಓಟದಕ್ಕನಿಗೆ ಕಾಲೇ ಏಳಲಿಲ್ಲ.

ಗಂಟೆಗಳು ಕಳೆದು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗು ಉಳಿದಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೊಟ್ಟ ಮಗುವನ್ನು ಬಿಚ್ಚಿ ನೋಡುವ ಧೈರ್ಯ ತಂಗಿಯ ಗಂಡನಿಗೂ ಬರಲಿಲ್ಲವಂತೆ. "ತಾಯಿಗೆ ತೋರಿಸೋದು ಬೇಡ" ಎಂದು ಅತ್ತೆ ಅವಸರ ಮಾಡಿ, ಮದ್ದಿನ ಮಂಪರಿನಿಂದ ತಂಗಿಗೆ ಎಚ್ಚರವಾಗುವ ಮೊದಲೇ ಮಣ್ಣು ಮಾಡಿಸಿದ್ದಳು.

ಕಣ್ಣು ಬಿಟ್ಟ ತಂಗಿಗೆ ಅಷ್ಟನ್ನೂ ಹೇಳಿದರು. ಅವಳು ಅಕ್ಕನ ಕೈ ಹಿಡಿದಳು.

"ನೀನು ಒಳಗಿದ್ದೆ ಅಲ್ವಾ? ಮುಖ ಯಾರ ಹಾಗಿತ್ತು?"

ನಿನ್ನ ಹಾಗೇ ಇತ್ತು ಎಂದುಬಿಡಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು.

"ನೋಡ್ಲಿಲ್ಲ ಕಣೇ. ತಟ್ಟೆ ಕೊಟ್ರು, ಓಡ್ಬಿಟ್ಟೆ."

ತಂಗಿ ಬೈಯಲಿಲ್ಲ. ಕೈಯನ್ನೂ ಬಿಡಲಿಲ್ಲ.

"ಹೊತ್ತಿಗೆ ಸರಿಯಾಗಿ ತಲುಪಿಸಿದ್ಯಾ?"

"ತಲುಪಿಸ್ದೆ."

"ಕೆಡಲಿಲ್ವಾ?"

"ಇಲ್ಲ. ಕೆಡಲಿಲ್ಲ."

"ಅಷ್ಟಾದ್ರೂ ಇದೆಯಲ್ಲ," ಎಂದಳು ತಂಗಿ.